ಟೊಮೆಟೊ ಎಲ್ಲಾ ಒಟ್ಟಿಗೇ ಹಣ್ಣಾದರೆ

ಶನಿವಾರ ಬೆಳಿಗ್ಗೆ ತೂಕ ಹಾಕಿದೆ. 4 ಕಿಲೋ 300 ಗ್ರಾಂ ಟೊಮೆಟೊ. ಗುರುವಾರ ಕಿತ್ತಿದ್ದು ಬೇರೆ ಇತ್ತು, ಅದು ಅಡುಗೆಮನೆ ಕಟ್ಟೆಯ ಮೇಲೆ ಹಳೆ ಪೇಪರ್ ಹಾಸಿಕೊಂಡು ಮಲಗಿತ್ತು. ಮನೆಯಲ್ಲಿ ಇರುವವರು ಇಬ್ಬರೇ. ಬುಟ್ಟಿ ನೋಡಿ ನಮ್ಮನೆಯವರು "ಗಿಡದಲ್ಲಿ ಇನ್ನೂ ಇದೆಯಾ?" ಅಂತ ಕೇಳಿದರು. ಆ ದನಿಯಲ್ಲಿ ಸಂತೋಷ ಇರಲಿಲ್ಲ.

ಬೇಸಿಗೆ ತೋಟದ ಕಥೆಯೇ ಇಷ್ಟು. ವಾರಗಟ್ಟಲೆ ಒಂದೊಂದೇ ಹೂವು ಎಣಿಸಿಕೊಂಡು ಕಾಯುತ್ತೇವೆ, ಮೊದಲ ಹಣ್ಣು ಬಂದರೆ ಫೋಟೊ ತೆಗೆದು, ನಾಲ್ಕು ಹೋಳು ಮಾಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿನ್ನುತ್ತೇವೆ. ಆಮೇಲೆ ಮೂರೇ ವಾರ. ಅದೇ ಗಿಡ ಸಾಲ ಕೊಟ್ಟವನ ಹಾಗೆ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಹೋದ ವರ್ಷ ಇದಕ್ಕೆ ನಾನು ಕಂಡುಕೊಂಡ ದಾರಿ ಸುಲಭವಾಗಿತ್ತು. ಚೀಲ ತುಂಬಿ ಎಲ್ಲರಿಗೂ ಕೊಟ್ಟುಬಿಟ್ಟೆ. ಅಮ್ಮನಿಗೆ ಬದನೆಕಾಯಿ, ಅಕ್ಕನಿಗೆ ಬೀನ್ಸ್, ಯಾರು ಸಿಕ್ಕರೂ ಸೌತೆಕಾಯಿ. ದೊಡ್ಡ ದಾನಿಯ ಹಾಗೆ ಓಡಾಡಿದೆ. ಹತ್ತು ದಿನ ಬಿಟ್ಟು ಅಕ್ಕನ ಮನೆಗೆ ಹೋದಾಗ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ನನ್ನ ಚೀಲ ಹಾಗೇ ಇತ್ತು, ನಾನು ಹಾಕಿದ ಗಂಟಿನ ಸಮೇತ. ಒಳಗೆ ಬೀನ್ಸ್ ಲೋಳೆಯಾಗಿತ್ತು. ನನಗೆ ಕೋಪ ಬಂತು, ಮುಖದಲ್ಲಿ ಕಾಣಿಸಿತೂ ಇರಬೇಕು. ಅಕ್ಕ ಸುಮ್ನೆ ಬಿಡಲಿಲ್ಲ. "ನೀನು ಕೊಟ್ಟಿದ್ದು ಬೀನ್ಸ್ ಅಲ್ಲ ಕಣೇ, ನಾರು ತೆಗೆದು ಹೆಚ್ಚೋ ಕೆಲಸ. ರಾತ್ರಿ ಎಂಟಕ್ಕೆ ಮನೆ ಸೇರೋಳಿಗೆ ಒಂದೂವರೆ ಕಿಲೋ ಬೀನ್ಸ್ ಕೊಟ್ರೆ ನಾನೇನು ಮಾಡ್ಲಿ?" ಅಂದಳು.

ಅವಳು ಹೇಳಿದ್ದು ಸರಿ. ನನ್ನ ಕೈಯಲ್ಲಿ ಮುಗಿಯದ ಕೆಲಸವನ್ನು ಚೀಲದಲ್ಲಿ ಕಟ್ಟಿ ಅವಳ ತಲೆಗೆ ಹಾಕಿದ್ದೆ, ಮೇಲೆ ಥ್ಯಾಂಕ್ಸ್ ಬೇರೆ ನಿರೀಕ್ಷೆ ಮಾಡಿದ್ದೆ. ಹಾಗಾಗಿ ಈ ವರ್ಷ ಹಸಿ ತರಕಾರಿ ಯಾರಿಗೂ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದೆ. ಕೊಟ್ಟರೆ ಬೇಯಿಸಿಯೇ ಕೊಡುವುದು, ಡಬ್ಬಿ ತೆಗೆದರೆ ತಿನ್ನುವ ಹಾಗಿರಬೇಕು. ಭಾನುವಾರ ಎಲ್ಲರೂ ಊಟಕ್ಕೆ ಬರುವವರಿದ್ದರು. ಶನಿವಾರ ಪೂರ್ತಿ ನನ್ನದು.

ಮೊದಲು ಟೊಮೆಟೊ. ಮೂರು ಗುಂಪು ಮಾಡಿದೆ. ಗಟ್ಟಿಯಾಗಿ ಚೆನ್ನಾಗಿರುವುದು ಹಸಿ ತಿನ್ನೋಕೆ. ಅರೆ ಹಣ್ಣಾದದ್ದು ಪೇಪರಿನ ಮೇಲೆ ಕಾಯೋಕೆ. ಬಿರುಕು ಬಿಟ್ಟದ್ದು ಅವತ್ತೇ ಒಲೆಗೆ. ಬಿರುಕಿಗೆ ಕಾರಣ ಬೇರೆ ಯಾರೂ ಅಲ್ಲ, ನಾನೇ. ನಾಲ್ಕು ದಿನ ನೀರು ಹಾಕೋದು ಮರೆತು, ಐದನೇ ದಿನ ಪಾಪಪ್ರಜ್ಞೆಯಿಂದ ಎರಡೆರಡು ಕೊಡ ಸುರಿದರೆ ಹೀಗೇ ಆಗುತ್ತದೆ. ಒಳಗಿನ ತಿರುಳು ಒಮ್ಮೆಲೇ ನೀರು ಕುಡಿದು ಊದುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ. ಎರಡು ಹಣ್ಣಿನ ತಳ ಕಪ್ಪಾಗಿತ್ತು. ಅದೂ ಹೆಚ್ಚಾಗಿ ಇದೇ ನೀರಿನ ಏರುಪೇರಿನಿಂದ ಬರುವುದು. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಹಣ್ಣಿನ ತುದಿಯವರೆಗೆ ಹೋಗಿ ಮುಟ್ಟುವುದಿಲ್ಲ. ಅದಕ್ಕೆ ಮೊಟ್ಟೆ ಸಿಪ್ಪೆ ಪುಡಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಕಿದ್ದೂ ಆಯಿತು, ಏನೂ ಆಗಲಿಲ್ಲ. ದಿನಾ ಒಂದೇ ಹದಕ್ಕೆ ನೀರು ಹಾಕಲು ಶುರು ಮಾಡಿದ ಮೇಲೆ ಕಡಿಮೆಯಾಯಿತು.

ಇನ್ನೊಂದು ಮಾತು, ಇದನ್ನು ನಾನು ಸಿಕ್ಕವರಿಗೆಲ್ಲ ಹೇಳಿ ಬೈಸಿಕೊಂಡಿದ್ದೇನೆ. ಟೊಮೆಟೊ ಫ್ರಿಜ್ಜಿನಲ್ಲಿ ಇಡಬೇಡಿ. 12 ಡಿಗ್ರಿಗಿಂತ ಕೆಳಗೆ ಹೋದರೆ ಅದರ ಪರಿಮಳ ಹೋಗುತ್ತದೆ, ಬಣ್ಣ ಮಾತ್ರ ಉಳಿಯುತ್ತದೆ. ಅರೆ ಹಣ್ಣನ್ನು ಬಿಸಿಲಿಗೆ ಇಡುವುದೂ ಬೇಡ. ಹಣ್ಣಾಗೋಕೆ ಬಿಸಿಲು ಬೇಕಿಲ್ಲ, ಬೆಚ್ಚಗಿನ ಜಾಗ ಸಾಕು. ಬಿಸಿ 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಬರುವುದೇ ಇಲ್ಲ, ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ.

ಬಿರುಕು ಬಿಟ್ಟ ಹಣ್ಣುಗಳ ಕೆಟ್ಟ ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಅರ್ಧ ಮಾಡಿ, ಕತ್ತರಿಸಿದ ಮುಖ ಮೇಲೆ ಮಾಡಿ ಟ್ರೇಯಲ್ಲಿ ಸಾಲಾಗಿ ಜೋಡಿಸಿದೆ. ಉಪ್ಪು, ಎಣ್ಣೆ, ಜಜ್ಜಿದ ಬೆಳ್ಳುಳ್ಳಿ. ಓವನ್ 140 ಡಿಗ್ರಿ, ಎರಡೂವರೆ ಗಂಟೆ. ಒಳಗಿನ ಲೋಳೆ, ಬೀಜ ತೆಗೆದು ಬಿಸಾಡಿ ಅಂತ ಕೆಲವರು ಹೇಳುತ್ತಾರೆ. ನಾನಂತೂ ತೆಗೆಯುವುದಿಲ್ಲ. ಬಾಯಲ್ಲಿ ನೀರೂರಿಸುವ ಆ ರುಚಿ, 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ ಉಮಾಮಿ ಅಂತ ಹೆಸರಿಟ್ಟರಲ್ಲ, ಅದು ಟೊಮೆಟೊದಲ್ಲಿ ತಿರುಳಿಗಿಂತ ಈ ಲೋಳೆಯಲ್ಲೇ ಜಾಸ್ತಿ. ಅದನ್ನೇ ಚೆಲ್ಲಿ ಆಮೇಲೆ ರುಚಿ ಸಾಲದು ಅಂತ ಪುಡಿ ಹಾಕೋದು ಯಾವ ನ್ಯಾಯ?

ಮೊದಲ ಅರ್ಧ ಗಂಟೆ ಏನೂ ಆಗುವುದಿಲ್ಲ. ಆಮೇಲೆ ಒಂದೊಂದರ ನಡುವೆ ಸಣ್ಣ ಕೆರೆಯ ಹಾಗೆ ನೀರು ತುಂಬಿಕೊಳ್ಳುತ್ತದೆ, ಕುದಿಯುವುದಿಲ್ಲ, ಸುಮ್ಮನೆ ನಡುಗುತ್ತಿರುತ್ತದೆ. ಎರಡು ಗಂಟೆ ಹೊತ್ತಿಗೆ ಕೆರೆ ಬತ್ತಿ, ಅಂಚು ಸುಕ್ಕಾಗಿ ಒಳಕ್ಕೆ ಮಡಚಿ, ಟ್ರೇಗೆ ತಾಗಿದ ಕಡೆ ರಸ ಕಂದುಬಣ್ಣಕ್ಕೆ ತಿರುಗಿ ಅಂಟಿಕೊಳ್ಳುತ್ತದೆ. ಆ ಅಂಟನ್ನು ಚಮಚದಲ್ಲಿ ಕೆರೆದು ತಿನ್ನುವುದು ಅಡುಗೆ ಮಾಡಿದವರ ಹಕ್ಕು. ಅದನ್ನು ಯಾರ ಡಬ್ಬಿಗೂ ಹಾಕುವುದಿಲ್ಲ. ಟೊಮೆಟೊದಲ್ಲಿ ಶೇಕಡಾ 95ರಷ್ಟು ನೀರೇ ಇರುವುದರಿಂದ ಇಷ್ಟೆಲ್ಲಾ ಮಾಡಿದ ಮೇಲೆ ಸಿಕ್ಕಿದ್ದು ಎರಡೇ ಬಾಟಲಿ. ಮುಚ್ಚಳ ಹಾಕಿ, ಆರಿದ ತಕ್ಷಣ ಫ್ರಿಜ್ಜಿಗೆ ಇಟ್ಟೆ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯನ್ನು ಹೊರಗೆ ಇಟ್ಟರೆ ವಿಷವಾಗುವ ಸಾಧ್ಯತೆ ಇದೆ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಮೂರ್ನಾಲ್ಕು ದಿನದಲ್ಲಿ ಮುಗಿಸಿ ಅಂತ ಬಾಟಲಿ ಮೇಲೆ ಬರೆದು ಅಂಟಿಸಿದೆ.

ಬದನೆಕಾಯಿಗೆ ಇಷ್ಟು ತಾಳ್ಮೆ ಬೇಡ. ಹೊಳೆಯುತ್ತಿರುವಾಗ ಕಿತ್ತರೆ ಆಯಿತು. ಹೊಳಪು ಹೋಗಿದೆ ಅಂದರೆ ಒಳಗೆ ಬೀಜ ಬಲಿತಿದೆ ಅಂತಲೇ ಲೆಕ್ಕ. ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ ನೇರ ಉರಿಯ ಮೇಲೆ ಇಟ್ಟೆ. ಚುಚ್ಚದಿದ್ದರೆ ಸಿಡಿಯುತ್ತದೆ, ಒಂದು ಸಲ ಸಿಡಿದು ಗೋಡೆ ಒರೆಸಿದ್ದೇನೆ. ಸಿಪ್ಪೆ ಪೂರ್ತಿ ಕಪ್ಪಾಗಿ, ಕಾಯಿ ಸೊಂಟ ಮುರಿದುಕೊಂಡವರ ಹಾಗೆ ಕುಸಿದಾಗ ಇಳಿಸಿ, ಸುಲಿದು, ಉಪ್ಪು, ನಿಂಬೆರಸ, ಎಣ್ಣೆ ಹಾಕಿ ಕಿವುಚಿದೆ. ಅಷ್ಟೇ.

ಬೀನ್ಸ್ ಎಳೆಯದಿತ್ತು, ನಾರೇ ಇರಲಿಲ್ಲ. ಎರಡು ದಿನಕ್ಕೊಮ್ಮೆ ಕೀಳುತ್ತಾ ಇದ್ದರೆ ಗಿಡ ಬಿಡುತ್ತಾ ಇರುತ್ತದೆ, ಬೀಜ ಬಲಿಯಲು ಬಿಟ್ಟರೆ ತನ್ನ ಕೆಲಸ ಮುಗಿಯಿತು ಅಂತ ನಿಲ್ಲಿಸಿಬಿಡುತ್ತದೆ. ಅರ್ಧ ಅಮ್ಮನಿಗೆ ಮೆತ್ತಗೆ ಬೇಯಿಸಿ, ಉಪ್ಪು ಕಡಿಮೆ ಹಾಕಿ ತೆಗೆದಿಟ್ಟೆ. ಅವಳ ಹಲ್ಲಿಗೆ ಅದೇ ಸರಿ. ಇನ್ನರ್ಧ ಅಕ್ಕನಿಗೆ. ಕುದಿಯುವ ನೀರಿಗೆ ಮೂರು ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಎತ್ತಿಹಾಕಿ, ಒರೆಸಿ, ಒಂದು ಹೊತ್ತಿಗೆ ಆಗುವಷ್ಟು ಒಂದೊಂದು ಪ್ಯಾಕೆಟ್ ಮಾಡಿ ಫ್ರೀಜರಿನಲ್ಲಿಟ್ಟೆ. ಹೆಚ್ಚಿದ್ದು, ಬೆಂದಿದ್ದು, ಅಳತೆ ಮಾಡಿದ್ದು. ಈ ಸಲ ಏನು ಹೇಳುತ್ತಾಳೆ ನೋಡೋಣ ಅಂತ ಹಟ ಇತ್ತು ನನಗೆ.

ಎಲ್ಲಾ ಚೆನ್ನಾಗಿ ಹೋಯಿತು ಅಂತ ಬರೆಯಬಹುದಿತ್ತು, ಸೌತೆಕಾಯಿ ಇಲ್ಲದಿದ್ದರೆ.

ಭಾನುವಾರ ಎಲ್ಲರೂ ಕೂತ ಮೇಲೆ ಕೊನೆ ಗಳಿಗೆಯಲ್ಲಿ ಸಲಾಡ್ ಮಾಡಿದೆ. ರುಚಿ ನೋಡಲಿಲ್ಲ. ಅಮ್ಮ ಮೊದಲ ತುಂಡು ಬಾಯಿಗೆ ಹಾಕಿಕೊಂಡು ಅಗಿಯುವುದನ್ನು ನಿಲ್ಲಿಸಿದಳು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ನನ್ನನ್ನೇ ನೋಡುತ್ತಾ ಕೂತಳು. ಕಹಿ ಅಂದರೆ ಕಹಿ. ಆ ನಾಲ್ಕು ದಿನ ನೀರು ಹಾಕದ ಪಾಪ ಟೊಮೆಟೊದಲ್ಲಿ ಮುಗಿದಿರಲಿಲ್ಲ. ಬಿಸಿಲು, ಬಾಯಾರಿಕೆ ಎರಡೂ ಸೇರಿದರೆ ಸೌತೆ ಬಳ್ಳಿ ಕುಕುರ್ಬಿಟಾಸಿನ್ ಅನ್ನುವ ಕಹಿ ಪದಾರ್ಥವನ್ನು ಕಾಯಿಗೆ ಕಳಿಸುತ್ತದೆ, ಅದು ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಜಾಸ್ತಿ. ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆದಿದ್ದೆ, ಆದರೂ ಏನೂ ಪ್ರಯೋಜನ ಆಗಲಿಲ್ಲ. ಸ್ವಲ್ಪ ಕಹಿ ಇದ್ದರೆ ಆ ತುದಿಯನ್ನು ದಪ್ಪಗೆ ಕತ್ತರಿಸಿ, ಸಿಪ್ಪೆ ತೆಗೆದು ತಿನ್ನಬಹುದು. ಹೀಗೆ ಜೋರು ಕಹಿ ಇದ್ದರೆ ಗೊಬ್ಬರದ ಗುಂಡಿಗೆ ಹಾಕಬೇಕು, ಬೇಯಿಸಿದರೂ ಅದು ಹೋಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. "ತೋಟದ್ದು ಅಂತ ಎಲ್ಲಾ ಅಮೃತ ಅಲ್ವಲ್ಲೇ" ಅಂತ ಅಮ್ಮ ಹಿಂದಿನಿಂದ ಅಂದಳು, ಬಾಯಿ ತೊಳೆದುಕೊಂಡು ಬಂದ ಮೇಲೆ.

ಬದನೆಕಾಯಿ ಮುಟ್ಟದ ಭಾವ ಇದೇನು ಅಂತ ಕೇಳದೆ ಎರಡು ಸಲ ಹಾಕಿಸಿಕೊಂಡರು. ನಾನೂ ಹೇಳಲಿಲ್ಲ. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಟೊಮೆಟೊ ತರಕಾರಿ ಅಲ್ಲ, ಹಣ್ಣು ಅಂತ ಅವಳ ವಾದ. ಒಳಗೆ ಬೀಜ ಇದೆಯಲ್ಲ, ಹೂವಿನಿಂದ ಬಂತಲ್ಲ. ಅದಕ್ಕೆ ಭಾವ, 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಟೊಮೆಟೊ ತರಕಾರಿ ಅಂತ ತೀರ್ಪು ಕೊಟ್ಟಿದೆ ಅಂದರು. ಅದು ನಿಜ, ಆಮದು ತೆರಿಗೆಯ ಜಗಳ ಅದು, ತರಕಾರಿಗೆ ತೆರಿಗೆ ಇತ್ತು, ಹಣ್ಣಿಗೆ ಇರಲಿಲ್ಲ. "ಅವರು ಗಿಡ ನೋಡಿದ್ರಾ?" ಅಂತ ಅವಳು ಕೇಳಿದಳು. ಭಾವನ ಹತ್ತಿರ ಉತ್ತರ ಇರಲಿಲ್ಲ.

ಹೊರಡುವಾಗ ಡಬ್ಬಿಗಳನ್ನು ಕೊಟ್ಟೆ. ಅಕ್ಕ ಬೀನ್ಸ್ ಪ್ಯಾಕೆಟ್ ತಿರುಗಿಸಿ ನೋಡಿ "ಹೀಗೆ ಕೊಟ್ರೆ ಬೇಡ ಅಂತೀನಾ?" ಅಂದಳು. ಅವಳ ಬಾಯಿಂದ ಅಷ್ಟು ಬಂದರೆ ದೊಡ್ಡ ಹೊಗಳಿಕೆ. ಬುಧವಾರ ಫೋನ್ ಮಾಡಿ ಇನ್ನೂ ನಾಲ್ಕು ಪ್ಯಾಕೆಟ್ ಸಿಗುತ್ತಾ ಅಂತ ಕೇಳಿದಳು.

ಹುಡುಗಿ ಹೋಗುವ ಮುಂಚೆ ತೋಟಕ್ಕೆ ಓಡಿ, ಇನ್ನೂ ಹಸಿರಾಗಿದ್ದ ಒಂದು ದಪ್ಪ ಕಾಯಿಯ ತೊಟ್ಟಿಗೆ ನೀಲಿ ದಾರ ಕಟ್ಟಿ ಬಂದಳು. "ಚಿಕ್ಕಮ್ಮ, ಇದು ನಂದು. ನಾನು ಬರೋವರೆಗೂ ಕೀಳಬೇಡಿ." ಆಯಿತು ಅಂದೆ. ಎರಡು ವಾರ ಅದಕ್ಕೆ ದಿನಾ ಅಳೆದು ನೀರು ಹಾಕಿದೆ, ಚೆನ್ನಾಗಿ ಕೆಂಪಾಯಿತು. ನಿನ್ನೆ ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ತೊಟ್ಟಿನಿಂದ ಕೆಳಗಿನವರೆಗೂ ಬಿರಿದಿತ್ತು, ಇರುವೆ ಆಗಲೇ ಸಾಲು ಹಿಡಿದಿತ್ತು. ಇರುವೆ ಕೊಡವಿ, ತೊಳೆದು, ಅಲ್ಲೇ ನಿಂತು ಉಪ್ಪು ಹಾಕಿಕೊಂಡು ತಿಂದೆ. ಅವಳಿಗೆ ಇನ್ನೂ ಹೇಳಿಲ್ಲ. ಆ ನೀಲಿ ದಾರ ಈಗ ಪಕ್ಕದ ಹಣ್ಣಿಗಿದೆ.