ಸತ್ತವನಿಗೂ ಒಂದು ಆಯೇರಿ

ಹ್ಯಾಂಡ್‌ಬಿಲ್‌ನಲ್ಲಿ ನನ್ನ ಹೆಸರಿನ ಮುಂದೆ ‘ಕಿರುತೆರೆ ಖ್ಯಾತಿಯ’ ಅಂತ ಅಚ್ಚು ಹಾಕಿಸಿದ್ದರು. ನನ್ನ ಖ್ಯಾತಿ ಏನಪ್ಪಾ ಅಂದ್ರೆ, ಒಂದು ಸೀರಿಯಲ್‌ನಲ್ಲಿ ಕೆಲವು ವಾರ ಬ್ಯಾಂಕ್ ಮ್ಯಾನೇಜರ್ ಆಗಿದ್ದೆ. ಕಥೆ ಬೇರೆ ಕಡೆ ತಿರುಗಿತು. ನನ್ನನ್ನು ಮಂಗಳೂರಿಗೆ ಟ್ರಾನ್ಸ್‌ಫರ್ ಮಾಡಿ ಕೈತೊಳೆದುಕೊಂಡರು. ಇನ್ನೊಂದರಲ್ಲಿ ಇನ್‌ಸ್ಪೆಕ್ಟರ್. ಒಂದು ಸಿನಿಮಾದಲ್ಲಿ ಹೀರೊಯಿನ್ನಿನ ಚಿಕ್ಕಪ್ಪ. ಮಾತಿಲ್ಲ, ಅಕ್ಷತೆ ಹಾಕುವುದಷ್ಟೇ ಕೆಲಸ. ಊರಿನವರಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಟೀವಿಯಲ್ಲಿ ಬಂದವನು ಬಂದವನೇ.

ನಮ್ಮದು ಬಾಗಲಕೋಟೆ ಜಿಲ್ಲೆ, ಹುನಗುಂದ ಕಡೆಯ ಹಳ್ಳಿ. ನಾಟಕದ ಹುಚ್ಚು ಜಾಸ್ತಿ. ‘ರಕ್ತರಾತ್ರಿ’ ಬರೆದ ಕಂದಗಲ್ ಹನುಮಂತರಾಯರು ನಮ್ಮ ಸೀಮೆಯವರು. ಸೂಳೇಭಾವಿಯ ಧುತ್ತರಗಿಯವರೂ ಇಲ್ಲಿಯವರೇ. ಅವರ ನಾಟಕವೇ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಸಿನಿಮಾ ಆಗಿದ್ದು. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡಿದ್ದು ನಮ್ಮವರ ನಾಟಕದ ದೆಸೆಯಿಂದ ಅಂತ ಕಟ್ಟೆ ಮೇಲಿನ ಹಿರಿಯರು ಇವತ್ತಿಗೂ ಮೀಸೆ ತಿರುವುತ್ತಾರೆ.

ಜಾತ್ರೆಗೆ ನಾಟಕ ಆಗಲೇಬೇಕು. ಗಂಡು ಪಾತ್ರಗಳಿಗೆ ಊರ ಹುಡುಗರು. ಅವರು ಕೈಯಿಂದ ರೊಕ್ಕ ಹಾಕಿ ಪಾತ್ರ ಮಾಡುತ್ತಾರೆ, ಹೀರೊ ಆಗುವವನು ಸ್ವಲ್ಪ ಜಾಸ್ತಿ ಹಾಕಬೇಕು. ಕಲಿಸಲು ಒಬ್ಬ ಮಾಸ್ತರು, ಪೇಟಿ ಬಾರಿಸಲು ಇನ್ನೊಬ್ಬರು. ಸೀನರಿ ಬಾಡಿಗೆಗೆ ಬರುತ್ತದೆ. ಹೆಣ್ಣು ಪಾತ್ರಕ್ಕೆ ಮಾತ್ರ ಗುಳೇದಗುಡ್ಡ, ಇಳಕಲ್, ಬಾಗಲಕೋಟೆ ಕಡೆಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅದೇ ಅವರ ಹೊಟ್ಟೆಪಾಡು. ಇವತ್ತು ಈ ಊರು, ನಾಳೆ ಮತ್ತೊಂದು.

ಆ ವರ್ಷ ನನಗೆ ಕೊಟ್ಟದ್ದು ಹಿರಿಮಗನ ಪಾತ್ರ. ಮೂರನೇ ಅಂಕದಲ್ಲಿ ಸಾಯುತ್ತಾನೆ. ತಾಯಿ ಪಾತ್ರಕ್ಕೆ ಗುಳೇದಗುಡ್ಡ ಕಡೆಯ ಒಬ್ಬರು ಬಂದಿದ್ದರು. ವಯಸ್ಸು ಐವತ್ತರ ಮೇಲೆ. ಎಲ್ಲರೂ ಅವರನ್ನು ಅಕ್ಕಾರ ಅಂತಲೇ ಕರೆಯುತ್ತಿದ್ದರು. ಸಂಜೆ ಬಂದವರೇ ಚಹಾ ಕುಡಿದು, ಗೋಡೆಗೆ ಒರಗಿ ಒಂದು ನಿದ್ದೆ ತೆಗೆದರು. ನಾನು ಬಿಡಲಿಲ್ಲ. ‘ಅಕ್ಕಾರ, ಒಂದ್ಸಲ ನಮ್ಮ ಸೀನ್ ನೋಡ್ಕೊಳ್ಳೋಣೇನ್ರಿ?’ ಅಂದೆ. ‘ನೀವು ಸುಮ್ನ ಸಾಯ್ರಿ ತಮ್ಮಾ, ಉಳದದ್ದು ನಾ ನೋಡ್ಕೊಂತೀನಿ’ ಅಂದರು.

ಬಣ್ಣ ಹಚ್ಚಿಕೊಳ್ಳುವಾಗ ಮಾತಿಗೆ ಸಿಕ್ಕರು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟ್ ಸಾಲಾಗಿ ನಿಲ್ಲುತ್ತವಲ್ಲ, ಅಲ್ಲಿ ಒಂದೇ ರಾತ್ರಿ ಎರಡು ಮೂರು ಆಟ ಆಡಿದವರು. ಸಣ್ಣವರಿದ್ದಾಗ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರ ನೋಡಿದ್ದರಂತೆ. ಆ ಹೆಸರು ಹೇಳುವಾಗ ಬಣ್ಣದ ಕೈಯಲ್ಲೇ ಕಿವಿ ಮುಟ್ಟಿಕೊಂಡರು. ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು 2017ರವರೆಗೆ ಬದುಕಿದ್ದರು. ಅವರ ಮಗ ನಟರಾಜ ಏಣಗಿ ನಾಟಕದಿಂದ ಸಿನಿಮಾ, ಸೀರಿಯಲ್‌ವರೆಗೆ ಹೋದರು. ನಮ್ಮ ಜಿಲ್ಲೆಯ ತೇರದಾಳದಿಂದ 2013ರಲ್ಲಿ ಶಾಸಕಿಯಾದ ಉಮಾಶ್ರೀ ಅವರೂ ನಾಟಕದಿಂದಲೇ ಬಂದವರು. ಇಂಥವರ ಹೆಸರು ಹೇಳಿಕೊಂಡೇ ನಾವೆಲ್ಲ ಬೆಂಗಳೂರಿನ ಬಸ್ ಹತ್ತುತ್ತೇವೆ. ಅಕ್ಕಾರಂಥವರು ಯಾಕೆ ಹತ್ತಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಹ್ಯಾಂಡ್‌ಬಿಲ್ ಪ್ರಕಾರ ನಾಟಕ ‘ಸರಿಯಾಗಿ 10:30ಕ್ಕೆ’. ಉದ್ಘಾಟನೆ, ಸನ್ಮಾನ, ಭಾಷಣ ಮುಗಿದು ಪರದೆ ಏಳುವಾಗ ಮಧ್ಯರಾತ್ರಿ ದಾಟಿತ್ತು. ನಾನು ಕಾಲಿಟ್ಟ ಕೂಡಲೇ ‘ಮ್ಯಾನೇಜರ್ ಸಾಹೇಬ್ರ, ಸಾಲ ಕೊಡ್ರಿ’ ಅಂತ ಕೂಗು. ಹೀರೊ ಆಗಿದ್ದ ಹುಡುಗ ತೂಗುಬಿಟ್ಟ ಮೈಕಿನ ಕೆಳಗಿಂದ ಕದಲಲೇ ಇಲ್ಲ, ಪ್ರೀತಿ, ಜಗಳ ಎಲ್ಲ ಅಲ್ಲೇ ಮುಗಿಸಿದ. ವಿಂಗ್ ಹಿಂದಿನಿಂದ ಮಾಸ್ತರು ಪ್ರಾಂಪ್ಟ್ ಮಾಡುತ್ತಿದ್ದದ್ದು ಮುಂದಿನ ಸಾಲಿಗೂ ಕೇಳುತ್ತಿತ್ತು. ಇದಕ್ಕೆ ನಗುವ ಹಕ್ಕು ನನಗಿಲ್ಲ ಬಿಡಿ. ಸೀರಿಯಲ್ ಸೆಟ್‌ನಲ್ಲೂ ಅಸಿಸ್ಟೆಂಟ್ ಡೈರೆಕ್ಟರ್ ಒಂದೊಂದೇ ಸಾಲು ಓದುತ್ತಾನೆ, ನಾವು ಹೇಳುತ್ತೇವೆ.

ಮೂರನೇ ಅಂಕದಲ್ಲಿ ಗುಂಡು ಬಿತ್ತು. ಸತ್ತೆ. ಅಕ್ಕಾರ ಓಡಿಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮೊದಲ ಸಾಲು ಹೇಳುವಷ್ಟರಲ್ಲಿ ಪೇಟಿ ನಿಂತಿತು. ಮೈಕಿನಲ್ಲಿ ಆಯೇರಿ ಶುರು.

ನಮ್ಮ ಕಡೆ ನಾಟಕ ನೋಡದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಪಾತ್ರ ಮಾಡುವವನಿಗೆ ನೆಂಟರು, ಗೆಳೆಯರು ನಾಟಕದ ನಡುವೆಯೇ ಸ್ಟೇಜಿಗೆ ಬಂದು ಟವೆಲ್ ಹೊದಿಸಿ, ಮಾಲೆ ಹಾಕಿ, ನೋಟು ಕೊಡುತ್ತಾರೆ. ಯಾರು, ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಕೂಗಬೇಕು. ಕಥೆ ಎಲ್ಲಿಗೆ ಬಂದಿದೆ ಅನ್ನೋದು ಅವರ ಚಿಂತೆ ಅಲ್ಲ. ನನಗಂತೂ ಈ ಪದ್ಧತಿ ಕಂಡರೆ ಸಿಟ್ಟು. ಆದರೆ ಎಷ್ಟೋ ಊರಲ್ಲಿ ನಾಟಕದ ಖರ್ಚು ಅರ್ಧ ಹುಟ್ಟುವುದು ಇದರಿಂದಲೇ, ಬೈದು ಪ್ರಯೋಜನವಿಲ್ಲ.

ಕಣ್ಣು ಮುಚ್ಚಿ ಮಲಗಿದ್ದೇನೆ. ನನ್ನ ಹೆಸರು ಕೂಗಿದರು. ಕಿರುತೆರೆ ಖ್ಯಾತಿಯ ಕಲಾವಿದರಿಗೆ ಅವರ ಮಾವನವರಿಂದ 501 ರೂಪಾಯಿ. ಜನ ಹೋ ಅಂತ ನಕ್ಕರು. ‘ಏಳೋ, ಮಾವ ಬಂದಾನ’ ಅಂತ ಯಾರೋ ಅಂದರು. ಏಳಬೇಕೋ ಬೇಡವೋ ತಿಳಿಯಲಿಲ್ಲ. ಅಕ್ಕಾರ ನನ್ನ ಭುಜವನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಮಾವ ಬಗ್ಗಿ, ಮಲಗಿದವನ ಮೇಲೆಯೇ ಮಾಲೆ ಇಟ್ಟರು.

ಆಗ ಅಕ್ಕಾರ ಆ ಮಾಲೆಯನ್ನು ಕೈಗೆ ತೆಗೆದುಕೊಂಡರು. ಮೈಕಿನ ಕಡೆ ತಿರುಗಲೂ ಇಲ್ಲ. ‘ಈಗ ತಂದ್ರೇನ್ರಪಾ ಮಾಲಿ? ನನ್ನ ಮಗ ಜೀವಂತ ಇದ್ದಾಗ ಈ ಊರಾಗ ಒಬ್ಬರರ ಬಂದ್ರ್ಯಾ?’

ನಗು ಅಲ್ಲಿಗೇ ಕಟ್ಟಾಯಿತು. ಮಾವ ಇನ್ನೂ ಸ್ಟೇಜಿನ ಮೇಲೆ ನಿಂತಿದ್ದರು, ಕೈಯಲ್ಲಿ ನೋಟು. ಅಕ್ಕಾರ ಅವರನ್ನೂ ಬಿಡಲಿಲ್ಲ. ‘ಆ ರೊಕ್ಕ ಇಟಗೋಯಪ್ಪಾ, ನಿನ್ನೆ ದವಾಖಾನಿಗೆ ಬೇಕಿತ್ತು’ ಅಂದರು. ಮಾವ ತಲೆ ತಗ್ಗಿಸಿ ಇಳಿದು ಹೋದರು. ನೋಡುವವರಿಗೆ ಅದೂ ಒಂದು ಪಾತ್ರವೇ. ಪೇಟಿ ಮಾಸ್ತರು ಸಮಯ ನೋಡಿ ಸಣ್ಣಗೆ ಸ್ವರ ಹಿಡಿದರು. ಅಕ್ಕಾರ ಅಲ್ಲಿಂದ ಸೀದಾ ಬರೆದ ಮಾತಿಗೆ ಬಂದರು. ಹೆಂಗಸರ ಸಾಲಿನಿಂದ ಮೂಗು ಸೀಟುವ ಸದ್ದು ನನಗೆ ಮಲಗಿದಲ್ಲೇ ಕೇಳುತ್ತಿತ್ತು.

ನಾನು ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವನು. ಅವರ ನಾಟಕ ತಂಡ ‘ತಿರುಗಾಟ’ದಲ್ಲಿ ಊರೂರು ಸುತ್ತಿದವನು. ಉಸಿರು, ನಡೆ, ದನಿ ಎಲ್ಲ ಚೆನ್ನಾಗಿಯೇ ಕಲಿಸಿದ್ದಾರೆ. ಆದರೆ ಸ್ಟೇಜಿಗೆ ನುಗ್ಗಿದ ಮಾವನನ್ನು ನಾಟಕದೊಳಗೆ ಸೇರಿಸಿಕೊಳ್ಳುವ ಪಾಠ ನಾನು ಎಲ್ಲೂ ಕಂಡಿಲ್ಲ. ಸೆಟ್‌ನಲ್ಲಾದರೆ ಲೈಟ್ ಹುಡುಗ ಕೆಮ್ಮಿದರೂ ಕಟ್. ಗ್ಲಿಸರಿನ್ ಹಾಕಿ ಎಡಗಡೆಯಿಂದ ಒಮ್ಮೆ ಅಳು, ಬಲಗಡೆಯಿಂದ ಒಮ್ಮೆ ಅಳು. ಅದೂ ಕಷ್ಟವೇ, ಇಲ್ಲ ಅನ್ನಲ್ಲ. ಕಷ್ಟದ ಜಾತಿ ಬೇರೆ.

ನಾಟಕ ಮುಗಿಯುವಾಗ ಬೆಳಕು ಹರಿದಿತ್ತು. ಅಕ್ಕಾರ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ‘ನೀವು ಸೀರಿಯಲ್‌ಗೆ ಬರಬೇಕ್ರಿ’ ಅಂದೆ. ಉಪಚಾರಕ್ಕೆ ಅಂದದ್ದಲ್ಲ.

‘ರೊಕ್ಕ ಯಾವಾಗ ಕೊಡ್ತಾರ?’

‘ಎರಡು ಮೂರು ತಿಂಗಳಿಗೆ ಬರತೈತ್ರಿ. ಒಮ್ಮೊಮ್ಮೆ ಇನ್ನೂ ತಡ.’

ಅವರಿಗೆ ನಗು ತಡೆಯಲಾಗಲಿಲ್ಲ. ‘ಅಯ್ಯ ತಮ್ಮಾ! ನಾವು ಬರೂಮುಂದ ಅರ್ಧಾ, ಬಣ್ಣ ಹಚ್ಚೂ ಮೊದಲ ಉಳದದ್ದು ಇಸಕೊಂಡಿರ್ತೀವಿ. ನೀವು ಇಂಗ್ಲಿಷ್ ಕಲತವರು, ಹಿಂಗ ಮಾಡಿದ್ರ ಹೆಂಗ?’ ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು: ‘ಅತ್ತಿ ಪಾತ್ರ ಇದ್ರ ಹೇಳ್ರಿ ಮತ್ತ. ಅಡ್ವಾನ್ಸ್ ಬೇಕು.’

ಬೆಂಗಳೂರಿಗೆ ಬಂದು, ಹೊಸ ಸೀರಿಯಲ್‌ಗೆ ಕಲಾವಿದರನ್ನು ಹುಡುಕುತ್ತಿದ್ದ ಪರಿಚಯದ ಹುಡುಗನಿಗೆ ಎಲ್ಲ ಹೇಳಿದೆ. ಮಾಲೆಯ ಕಥೆ ಕೇಳಿ ಅವನೂ ಖುಷಿಪಟ್ಟ. ಫೋಟೋ ಕಳಿಸಿ ಸಾರ್ ಅಂದ. ಆಮೇಲೆ, ಇನ್‌ಸ್ಟಾಗ್ರಾಂನಲ್ಲಿ ಅವರಿಗೆ ಎಷ್ಟು ಫಾಲೋವರ್ಸ್ ಇದ್ದಾರೆ ಅಂತ ಕೇಳಿದ.