ಮಲಗುವ ಕಾರಿಗೆ ನಿಧಾನದ ಕರೆಂಟೇ ಸಾಕು

ಬೀದಿ ಬದಿಯಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕಿಸುವ ಕೆಲಸ ನನ್ನದು. ಅಳತೆ ಟೇಪ್ ಬಿಚ್ಚಿದರೆ ಸಾಕು, ಯಾರಾದರೂ ಬಂದು ಕೇಳುತ್ತಾರೆ: "ಫಾಸ್ಟ್ ಚಾರ್ಜರ್ ತಾನೇ ಹಾಕೋದು?" ಅಲ್ಲ ಅಂದರೆ ಮುಖ ಸಪ್ಪಗಾಗುತ್ತದೆ.

ಮನೆಗಳಿರುವ ಬೀದಿಗೆ ಅದು ಬೇಡ ಅನ್ನುವವನು ನಾನು. ಸಂಜೆ ಬಂದು ನಿಂತ ಕಾರು ಬೆಳಗಿನವರೆಗೂ ಅಲ್ಲಾಡುವುದಿಲ್ಲ. ಅದಕ್ಕೇನು ಅವಸರ? ದಿನಕ್ಕೆ 40 ಕಿ.ಮೀ. ಓಡುವ ಕಾರಿಗೆ 6ರಿಂದ 8 ಯೂನಿಟ್ ಬೇಕಾಗುತ್ತದೆ. 3.7 ಕಿಲೋವಾಟ್‌ನ ಸಣ್ಣ ಚಾರ್ಜರ್ ಅದನ್ನು ಎರಡೂವರೆ ಗಂಟೆಯೊಳಗೆ ಮುಗಿಸಿಬಿಡುತ್ತದೆ. 50 ಕಿಲೋವಾಟ್‌ನ ಒಂದು ಡಿಸಿ ಚಾರ್ಜರ್ (ಫಾಸ್ಟ್ ಚಾರ್ಜರ್ ಅಂದರೆ ಇದೇ) ಎಳೆಯುವ ಲೋಡಿನಲ್ಲಿ ಇಂಥ 13 ಕಾರುಗಳು ಒಟ್ಟಿಗೆ ಚಾರ್ಜ್ ಆಗುತ್ತವೆ. ಬೀದಿಯ ಟ್ರಾನ್ಸ್‌ಫಾರ್ಮರ್ ಸಂಜೆ ಹೊತ್ತಿಗೆ ಮೊದಲೇ ಏದುಸಿರು ಬಿಡುತ್ತಿರುತ್ತದೆ, ಅದೂ ನೆನಪಿರಲಿ. ನಿಧಾನದ ಚಾರ್ಜರ್‌ಗಳಾದರೆ ಲೋಡ್ ಹಂಚಿಕೊಂಡು, ಜಾಸ್ತಿ ಭಾಗವನ್ನು ಮಧ್ಯರಾತ್ರಿಯ ನಂತರಕ್ಕೆ ತಳ್ಳಬಹುದು.

ಒಮ್ಮೆ ಹಿರಿಯರೊಬ್ಬರು ಗೇಟಿನಿಂದಲೇ ಕೇಳಿದರು, "ಏನಪ್ಪಾ, ಇದು ರಾತ್ರಿಯೆಲ್ಲಾ ಗುಂಯ್ ಅನ್ನುತ್ತಾ?" ಒಳ್ಳೆಯ ಪ್ರಶ್ನೆ. ಡಿಸಿ ಚಾರ್ಜರ್ ಒಳಗೆ ತಣ್ಣಗಿಡುವ ಫ್ಯಾನ್‌ಗಳಿವೆ, ಅವು ಸದ್ದು ಮಾಡುತ್ತವೆ. ನಿಧಾನದ ಚಾರ್ಜರ್, ಅಂದರೆ ಎಸಿ ಕಂಬ, ಹೆಚ್ಚುಕಡಿಮೆ ಒಂದು ಬುದ್ಧಿವಂತ ಸ್ವಿಚ್, ಅಷ್ಟೇ. ಲೈನಿನಲ್ಲಿ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಕೆಲಸ ಕಾರಿನೊಳಗೇ ನಡೆಯುತ್ತದೆ. ಆದ್ದರಿಂದಲೇ 22 ಕಿಲೋವಾಟ್‌ನ ಎಸಿ ಕಂಬಕ್ಕೆ ಸಿಕ್ಕಿಸಿದರೂ, ಕಾರಿನ ಒಳಗಿನ ಚಾರ್ಜರ್ 7.4 ಕಿಲೋವಾಟ್‌ನದ್ದಾದರೆ ಸಿಗುವುದು ಅಷ್ಟೇ.

"ಬೀದಿದೀಪದ ಕಂಬಕ್ಕೇ ಹಾಕಿಬಿಡಿ, ಅಗೆಯೋದು ತಪ್ಪುತ್ತೆ" ಅನ್ನುವವರೂ ಇದ್ದಾರೆ. ಲಂಡನ್ನಿನಲ್ಲಿ ಹೀಗೆ ಸಾವಿರಾರು ಕಂಬಗಳಿಗೆ ಹಾಕಿದ್ದಾರೆ. ಹಳೆಯ ದೀಪ ಹೋಗಿ ಎಲ್‌ಇಡಿ ಬಂದಾಗ ಆ ಲೈನಿನಲ್ಲಿ ಚಾರ್ಜರ್‌ಗೆ ಕೊಡಲು ಒಂದಿಷ್ಟು ಲೋಡ್ ಮಿಗುತ್ತದೆ. ಆದರೆ ನಾನು ಮೊದಲು ನೋಡುವುದು ಎರಡು ವಿಷಯ. ಇಡೀ ಬೀದಿಯ ದೀಪಗಳಿಗೆ ಒಂದೇ ಸ್ವಿಚ್ ಇದ್ದರೆ, ಬೆಳಿಗ್ಗೆ ದೀಪ ಆರಿದಾಗ ಚಾರ್ಜರೂ ಆರುತ್ತದೆ. ಎರಡನೆಯದು, ಕಂಬ ಎಲ್ಲಿದೆ ಅನ್ನುವುದು. ರಸ್ತೆಯ ಅಂಚಿನಲ್ಲಿದ್ದರೆ ಸರಿ. ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದ್ದರೆ ಕೇಬಲ್ ಫುಟ್‌ಪಾತ್ ದಾಟಿ ಬರಬೇಕು, ಕತ್ತಲಲ್ಲಿ ಯಾರಾದರೂ ಎಡವುವುದು ಗ್ಯಾರಂಟಿ. ಅಂಥ ಕಡೆ ಗೋಡೆಯ ಕಂಬದಿಂದ ನೆಲದಡಿ ವೈರ್ ತಂದು ರಸ್ತೆಯಂಚಿಗೆ ಒಂದು ಗಿಡ್ಡ ಕಂಬ ನಿಲ್ಲಿಸುತ್ತಾರೆ.

ಅಂದರೆ ಮತ್ತೆ ಅಗೆತ! ದುಡ್ಡು ಹೋಗುವುದೂ ಇಲ್ಲೇ, ಚಾರ್ಜರ್ ಪೆಟ್ಟಿಗೆಗಲ್ಲ. ಯಂತ್ರ ಇಳಿಸುವ ಮೊದಲು ಕೈಯಲ್ಲೇ ಒಂದು ಗುಂಡಿ ತೋಡಿಸುತ್ತೇನೆ. ನಕ್ಷೆಯಲ್ಲಿ ಇಲ್ಲದ ನೀರಿನ ಪೈಪು ಸಿಗುವುದು ಅಲ್ಲೇ. ಮಣ್ಣು ಮುಚ್ಚಿದ ಮೇಲೂ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಸಲೀಸಾಗಿ ಹೋಗುವಷ್ಟು ಫುಟ್‌ಪಾತ್ ಉಳಿಯಬೇಕು. ಉಳಿಯದಿದ್ದರೆ ಆ ಜಾಗ ಬೇಡ. ಕಾರಿಗೆ ಬೇರೆ ಜಾಗ ಹುಡುಕಬಹುದು, ನಡೆಯುವವರಿಗೆ ಇರುವುದು ಅದೊಂದೇ ಅಲ್ವಾ?

ಯಾವ ಬೀದಿಗೆ ಮೊದಲು ಅನ್ನುವುದಕ್ಕೆ ಆಮ್‌ಸ್ಟರ್‌ಡ್ಯಾಮ್‌ನವರ ಪದ್ಧತಿ ನನಗಿಷ್ಟ. ಅಲ್ಲಿ ಎಲೆಕ್ಟ್ರಿಕ್ ಕಾರಿದ್ದು ಸ್ವಂತ ಪಾರ್ಕಿಂಗ್ ಇಲ್ಲದವರು ತಮ್ಮ ಮನೆ ಹತ್ತಿರ ಚಾರ್ಜರ್ ಬೇಕೆಂದು ಕೇಳಿ ಹಾಕಿಸಿಕೊಂಡಿದ್ದಾರೆ. ಖಾಲಿ ಬೀದಿಯಲ್ಲಿ ಕಂಬ ನೆಟ್ಟು ಕಾಯುವುದಕ್ಕಿಂತ ಇದು ವಾಸಿ.

ಇನ್ನು ಪಾರ್ಕಿಂಗ್ ಜಗಳದ ವಿಷಯ. ಮೊದಲ ದಿನವೇ ಇಡೀ ಸಾಲಿಗೆ 'ಎಲೆಕ್ಟ್ರಿಕ್ ಮಾತ್ರ' ಎಂದು ಬರೆಸಬೇಡಿ ಅಂತ ಪ್ರತಿ ಸಲವೂ ಹೇಳುತ್ತೇನೆ. ಪೆಟ್ರೋಲ್ ಕಾರಿನವರೂ ಅಲ್ಲೇ ಇರುವವರು. ಒಂದೆರಡು ಜಾಗ ಮೀಸಲಿಟ್ಟು, ಬಳಕೆ ಹೆಚ್ಚಿದ ಹಾಗೆ ಗೆರೆ ಮುಂದಕ್ಕೆ ಎಳೆಯಬಹುದು. ಚಾರ್ಜ್ ತುಂಬಿದ ಮೇಲೂ ನಿಂತರೆ ದಂಡ ಅನ್ನುವ ನಿಯಮ ಹಗಲಿಗೆ ಇರಲಿ. ರಾತ್ರಿ ಎರಡು ಗಂಟೆಗೆ ಎದ್ದು ಕಾರು ಸರಿಸಿ ಅಂತ ನಾನಂತೂ ಯಾರಿಗೂ ಹೇಳಲಾರೆ.