ಸೀಟಿ ಸಾರ್, ಕಾಳುಮೆಣಸು, ಆ ಒಂದು ಫೂಟ್

ಹೋದ ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಒಂದೇ ಸಾಲು ಬಂದಿತ್ತು, "ಸೀಟಿ ಸಾರ್ ಹೋದ್ರು". ಸೀಟಿ ಸಾರ್ ಅಂದ್ರೆ ಶಾಲೇಲಿ ನಮ್ಗೆ ಹಾಕಿ ಕಲಿಸಿದ ಮೇಷ್ಟ್ರು. ಅದರ ಕೆಳಗೆ ಸಾಲಾಗಿ ಕೈಮುಗಿಯೋ ಎಮೋಜಿಗಳು. ಮೊದಲೆಲ್ಲ ಕೊಡವರ ಮನೇಲಿ ಯಾರಾದ್ರೂ ತೀರ್ಕೊಂಡ್ರೆ ಎರಡು ಗುಂಡು ಹಾರಿಸೋರು, ತೋಟದ ಆಚೆಯಿಂದ ಆ ಸದ್ದು ಕೇಳಿದ್ರೆ ಸಾಕು, ನಮ್ಮಮ್ಮ ಮಾಡ್ತಿದ್ದ ಕೆಲಸ ನಿಲ್ಲಿಸಿ ಯಾರಪ್ಪಾ ಅಂತ ಅಂಗಳಕ್ಕೆ ಬಂದು ನಿಲ್ತಿದ್ಳು. ಈಗ ಎಮೋಜಿ. ನಾನು ಬ್ಯಾಂಕಿಗೆ ರಜ ಹೇಳಿ ಮೈಸೂರಿಂದ ಹುಣಸೂರು ದಾರಿ ಹಿಡಿದು ಹೊರಟೆ, ತಿತಿಮತಿ ಹತ್ರ ಹಿಡಿದ ಮಳೆ ಸಾರ್ ಮನೆ ಗೇಟ್ ತನಕ ಬಿಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಈಗಿನ ಎಚ್ಎಂ ಫೋನ್ ಮಾಡಿ, ನೀವು ಶಾಲೆ ಹಾಕಿ ಟೀಮಿನ ರೈಟ್ ಬ್ಯಾಕ್ ಆಗಿದ್ರಂತೆ, ಸಾರ್ ಬಗ್ಗೆ ಶಾಲೆ ಸಂಚಿಕೆಗೆ ಎರಡು ಪುಟ ಬರ್ಕೊಡಿ ಅಂದ್ರು. ಟೀಮಿನ ರೈಟ್ ಬ್ಯಾಕ್ ಅಷ್ಟೇ ಅಲ್ಲ, ಜಿಲ್ಲಾ ತಂಡಕ್ಕೂ ಒಂದು ವರ್ಷ ಆಡಿದ್ದೆ, ಎಚ್ಎಂಗೆ ಗೊತ್ತಿರ್ಲಿಕ್ಕಿಲ್ಲ ಅಂತ ಇಲ್ಲಿ ಹೇಳ್ತಿದ್ದೀನಿ. ಸ್ಟಾಫ್ ರೂಮಿನ ಹೊರಗೆ ಹಾಕಿರೋ ಗ್ರೂಪ್ ಫೋಟೋದಲ್ಲಿ ಎಡಗಡೆಯಿಂದ ಮೂರನೆಯವನು ನಾನೇ, ಗೆದ್ದಲು ಹಿಡಿದು ಮುಖ ಅರ್ಧ ಹೋಗಿದೆ, ಯಾರಾದ್ರೂ ಫ್ರೇಮ್ ಬದಲಾಯಿಸಿದ್ರೆ ಒಳ್ಳೇದು.

ಪಾಠದ ವಿಷಯ ಕೇಳ್ಬೇಡಿ. ಒಂಬತ್ತನೇ ಕ್ಲಾಸಿನ ಗಣಿತದಲ್ಲಿ ಎಂತ ಇತ್ತು ಅಂತ ಈಗ ನನ್ ತಲೆಗೆ ಗನ್ ಇಟ್ಟು ಕೇಳಿದ್ರೂ ಗೊತ್ತಿಲ್ಲ. ಕನ್ನಡ ಮೇಷ್ಟ್ರು ಜೋರು ಮಳೆ ಬಂದ್ರೆ ಹೆಂಚಿನ ಸದ್ದಲ್ಲಿ ನನ್ ಮಾತು ನಿಮ್ಗೆ ಕೇಳಲ್ಲ ಅಂತ ಪುಸ್ತಕ ಮುಚ್ಚಿ ಕಿಟಕಿ ಹತ್ರ ಕೂತು ನಶ್ಯ ಏರಿಸ್ತಿದ್ರು, ನಮ್ಮೂರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಜೋರು ಮಳೇನೇ, ಹಾಗಾಗಿ ಹಳಗನ್ನಡ ನಮ್ಗೆ ಬರಲೇ ಇಲ್ಲ. ಆದ್ರೆ ಗ್ರೌಂಡಿನ ಒಂದೊಂದು ಗುಂಡಿನೂ ನೆನಪಿದೆ. ಒಂದು ಕಡೆ ಇಳಿಜಾರು, ಮೇಲ್ಗೋಲು ಕೆಳಗೋಲು ಅಂತಾನೇ ಕರೀತಿದ್ವಿ, ಟಾಸ್ ಗೆದ್ದವ್ರು ಕಣ್ಣು ಮುಚ್ಚಿ ಮೇಲ್ಗೋಲು ಕೇಳ್ತಿದ್ರು. ಕೆಳಗಿನ ಡೀ, ಅಂದ್ರೆ ಗೋಲಿನ ಮುಂದಿನ ಅರ್ಧಚಂದ್ರದ ಗೆರೆ, ಅದರೊಳಗೆ ಮಳೇಲಿ ನೀರು ನಿಂತು ಬಾಲು ಅಲ್ಲೇ ಮುಳುಗಿ ಕೂರೋದು, ಹತ್ತು ಜನ ಸ್ಟಿಕ್ಕಲ್ಲಿ ಕೆಸರು ಚಚ್ಚೋದು, ಸಾಕ್ಸ್ ಬಿಚ್ಚಿದ್ರೆ ಕಾಲ್ಬೆರಳ ಸಂದೀಲಿ ಇಂಬಳ. ಗ್ರೌಂಡಿನ ಆಚೆ ಸಿಲ್ವರ್ ಮರದ ಸಾಲು, ಅದರಾಚೆ ಬೇರೆಯವ್ರ ಕಾಫಿ ತೋಟ, ಬಾಲು ಅಲ್ಲಿಗೆ ಹೋದ್ರೆ ಹೋಯ್ತು, ಬಾಲಿಲ್ಲದ ದಿನ ಅದೇ ತೋಟದ ಹಸಿ ಕಿತ್ತಳೆಕಾಯಲ್ಲಿ ಆಡ್ತಿದ್ವಿ.

ಸಾರ್ ಮಿಲಿಟರಿ ಬಿಟ್ಟು ಬಂದವ್ರು. ಖಾಕಿ ಚಡ್ಡಿ, ಕ್ಯಾನ್ವಾಸ್ ಶೂ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಲೋಹದ ಸೀಟಿ. ಅದನ್ನ ಅವರು ಮಲಗುವಾಗ್ಲೂ ತೆಗೀತಿರ್ಲಿಲ್ಲ ಅಂತ ಸುದ್ದಿ ಇತ್ತು, ಮನೆಯವ್ರನ್ನ ಕೇಳೋ ಧೈರ್ಯ ಯಾರಿಗೂ ಇರ್ಲಿಲ್ಲ. ಮಾತು ಕಮ್ಮಿ. ಎಲ್ಲರನ್ನೂ ಕುಂಞಿ, ಅಂದ್ರೆ ಮಗು, ಅಂತಿದ್ರು, ಕೊಡವ ಹುಡುಗರನ್ನೂ, ನನ್ನಂತ ಕನ್ನಡದವ್ರನ್ನೂ, ತೋಟದ ಕೂಲಿಯವ್ರ ಲೈನ್ ಮನೆಯಿಂದ ಬರೋ ಹುಡುಗರನ್ನೂ. ಹೊಡೀತಿರ್ಲಿಲ್ಲ, ಅದೇ ಕಷ್ಟ ಆಗಿದ್ದು.

ಅವರದ್ದು ಒಂದಷ್ಟು ಕಾನೂನು ಇತ್ತು, ಹಾಕಿ ರೂಲ್ ಬುಕ್ಕಲ್ಲಿ ಇಲ್ಲದ್ದು. ಮ್ಯಾಚ್ ಮುಗಿದ ಮೇಲೆ ಟೀ ಬನ್ನು ಕೊಡೋವಾಗ ಗೆದ್ದ ಟೀಮಿನವ್ರೇ ಸೋತವ್ರಿಗೆ ಬಡಿಸ್ಬೇಕು. ಗೆದ್ದ ಖುಷೀಲಿ ಕುಣೀತಿರೋ ಹುಡುಗನ ಕೈಗೆ ಟೀ ಕೆಟಲ್ ಕೊಟ್ರೆ ಹೆಂಗಿರುತ್ತೆ ಹೇಳಿ, ಬಿಸಿ ಕೆಟಲ್ ಹಿಡ್ಕೊಂಡು ಕುಣಿಯೋಕಾಗಲ್ಲ. ಇನ್ನೊಂದು, ಯಾರೇ ಬಾಯಿ ಹರಿಬಿಟ್ರೂ ಹೊರಗೆ ಕೂರೋದು ಕ್ಯಾಪ್ಟನ್. ಬೈದವನು ಆಡ್ತಿರ್ತಾನೆ, ಕ್ಯಾಪ್ಟನ್ ಬೇಲಿ ಹತ್ರ ಕೂತಿರ್ತಾನೆ. ಇದು ಅನ್ಯಾಯ ಅಂತ ನಾವು ಎಷ್ಟೋ ಸಲ ಗೊಣಗಿದ್ದೀವಿ, ಆಮೇಲೆ ನೋಡಿದ್ರೆ ತಂಡದ ಎಲ್ಲರ ನಡವಳಿಕೆಗೂ ಕ್ಯಾಪ್ಟನ್ನೇ ಹೊಣೆ ಅಂತ ಅಂತಾರಾಷ್ಟ್ರೀಯ ನಿಯಮದಲ್ಲೇ ಬರ್ದಿದೆ, ಸಾರ್ ಅದನ್ನ ಸ್ವಲ್ಪ ಜಾಸ್ತಿನೇ ಸೀರಿಯಸ್ಸಾಗಿ ತಗೊಂಡಿದ್ರು.

ಈಗ ಕಾಳುಮೆಣಸಿನ ವಿಷಯಕ್ಕೆ ಬರ್ತೀನಿ. ಗ್ರೂಪಲ್ಲಿ ಇದನ್ನ ಬೇರೆ ಬೇರೆ ಥರ ಹೇಳ್ತಾರೆ, ಮಾಡಿದ್ದು ನಾನು ಮತ್ತೆ ನಮ್ಮ ಗೋಲ್ ಕೀಪರ್, ಅವನನ್ನ ಗೋಲಿ ಅಂತಿದ್ವಿ, ಹಾಗಾಗಿ ನಂದೇ ಸರಿ. ಒಂದಿನ ಸಾರ್ ಸ್ನಾನಕ್ಕೋ ಎಂತಕ್ಕೋ ಸೀಟಿ ತೆಗೆದು ಸ್ಪೋರ್ಟ್ಸ್ ರೂಮಿನ ಮೊಳೆಗೆ ನೇತುಹಾಕಿ ಹೋಗಿದ್ರು. ಗೋಲಿ ಅವನ ಅಕ್ಕನ ಹೇರ್ ಪಿನ್ ತಂದ, ಒಳಗಿರೋ ಬೆಂಡಿನ ಗುಂಡನ್ನ ಚುಚ್ಚಿ ಚುಚ್ಚಿ ಪುಡಿ ಮಾಡಿ ಹೊರಗೆ ತೆಗೆದ್ವಿ, ಬದಲಿಗೆ ನನ್ ಜೇಬಲ್ಲಿದ್ದ ಒಣಗಿದ ಕಾಳುಮೆಣಸು ಎರಡು ಒಳಗೆ ಹಾಕಿದ್ವಿ. ಸಂಜೆ ಪ್ರಾಕ್ಟೀಸಿಗೆ ಸಾರ್ ಊದಿದ್ರು. ಗಂಟಲು ಕಟ್ಟಿದ ಹುಂಜ ಕೂಗಿದ ಹಾಗೆ ಬಂತು ಸದ್ದು. ಇನ್ನೊಂದು ಸಲ ಊದಿದ್ರು. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರು. ಆಮೇಲೆ ಅಂಗೈ ಮೇಲೆ ತಟ್ಟಿದ್ರು, ಒಂದು ಕಾಳು ಬಿತ್ತು. ಅದನ್ನ ಬೆರಳಲ್ಲಿ ತಿರುಗಿಸಿ ನೋಡಿ ಬಾಯಿಗೆ ಹಾಕ್ಕೊಂಡು, ನಮ್ಮನ್ನೆಲ್ಲ ನೋಡ್ತಾ ನಿಧಾನ ಅಗಿದ್ರು.

"ಯಾರ ತೋಟದ್ದಪ್ಪ ಇದು, ಒಳ್ಳೆ ಖಾರ ಇದೆ."

ನನ್ ಬಾಯಿ ಸುಮ್ನಿರ್ಬೇಕಲ್ಲ. ನಮ್ಮಪ್ಪನ ಬಳ್ಳಿ ಮೇಲೆ ನಮ್ಗೆಲ್ಲ ಅಷ್ಟು ಹೆಮ್ಮೆ. "ನಮ್ದು ಸಾರ್" ಅಂದುಬಿಟ್ಟೆ. ಗೋಲಿ ಕಣ್ಣು ಮುಚ್ಕೊಂಡ.

ಸಾರ್ ಎಂತ ಬೈಯಲೂ ಇಲ್ಲ. ಕೊರಳಿಂದ ಸೀಟಿ ತೆಗೆದು ನನ್ ಕೊರಳಿಗೆ ಹಾಕಿದ್ರು. ಮೂರು ವಾರ ನೀನೇ ಅಂಪೈರ್, ಸ್ಟಿಕ್ ಮುಟ್ಟಂಗಿಲ್ಲ ಅಂದ್ರು. ಉಳಿದ ಒಂದು ಕಾಳು ಒಳಗೇ ಇತ್ತು, ಅದೇ ಹುಂಜದ ಸದ್ದಲ್ಲಿ ಮೂರು ವಾರ ಊದಿದೆ. ನಾನು ಅಂದ್ಕೊಂಡೆ ಇದೆಂತ ಶಿಕ್ಷೆ, ಆರಾಮ. ಎರಡನೇ ದಿನಕ್ಕೇ ಗೊತ್ತಾಯ್ತು. ನನ್ ಪ್ರಾಣ ಸ್ನೇಹಿತರು, ಒಂದೇ ಡಬ್ಬಿ ಕಡುಬು ತಿಂದವ್ರು, ಫೌಲ್ ಕೊಟ್ರೆ ನನ್ನಪ್ಪನ ಹೆಸರು ಹಿಡಿದು ಕೂಗೋರು, ಕೊಡದಿದ್ರೆ ಎದುರಿನವ್ರು ಕೂಗೋರು. ಹಾಕೀಲಿ ಬಾಲು ಕಾಲಿಗೆ ತಾಗಿದ್ರೆ ಫೌಲ್, ಅದಕ್ಕೇ ಫೂಟ್ ಅನ್ನೋದು, ಆದ್ರೆ ಕಾಲಿಗೆ ತಾಗಿತಾ ಸ್ಟಿಕ್ಕಿಗೆ ತಾಗಿತಾ ಅನ್ನೋದು ಅರೆಕ್ಷಣದ ಮಾತು, ಮಧ್ಯೆ ನಾಲ್ಕು ಜನರ ಬೆನ್ನು, ಮಳೆ, ಕನ್ನಡಕ ಹಾಕೋರ ಕಷ್ಟ ದೇವ್ರಿಗೇ ಪ್ರೀತಿ. ಸಾರ್ ಪಿಚ್ ರೋಲರ್ ಮೇಲೆ ಕೂತು ಕೊಡೆ ಹಿಡ್ಕೊಂಡು ನೋಡ್ತಿದ್ರು, ಸಹಾಯಕ್ಕೆ ಬರ್ತಿರ್ಲಿಲ್ಲ. ಒಂದಿನ ಸೆಂಟರ್ ಹಾಫ್ ಆಡೋ ದಾಂಡಿಗ ಒಬ್ಬ ಅರಚಾಡಿ ಅರಚಾಡಿ ಸಾಕಾಗಿ ಅವನ ಕಡೆಗೇ ಒಂದು ಫ್ರೀ ಹಿಟ್ ಕೊಟ್ಬಿಟ್ಟೆ. ಸಾರ್ ರೋಲರ್ ಇಂದ ಇಳಿದು, ಅಷ್ಟು ದೂರ ಕೆಸರಲ್ಲಿ ನಡ್ಕೊಂಡು ಬಂದು, ನನಗೊಬ್ಬನಿಗೇ ಕೇಳೋ ಹಾಗೆ ಕೇಳಿದ್ರು, "ಫೌಲ್ ಆಯ್ತು ಅಂತ ಕೊಟ್ಟದ್ದಾ, ಅವನು ಜೋರಾಗಿ ಕೂಗಿದ ಅಂತ ಕೊಟ್ಟದ್ದಾ?" ಉತ್ತರಕ್ಕೆ ಕಾಯದೆ ವಾಪಸ್ ಹೋಗಿ ರೋಲರ್ ಮೇಲೆ ಕೂತ್ರು.

ಆಗ ಕೊಡಗಿಗೆ ಮೂರೇ ತಾಲ್ಲೂಕು, ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ ಪೊನ್ನಂಪೇಟೆ ಎಲ್ಲ ತಾಲ್ಲೂಕಾಗಿದ್ದು ಈಚೆಗೆ. ತಾಲ್ಲೂಕು ಫೈನಲ್ ಅಂದ್ರೆ ನಮ್ಗೆ ಒಲಿಂಪಿಕ್ಸೇ. ಅತಿಶಯೋಕ್ತಿ ಅಲ್ಲ, 1972ರ ಮ್ಯೂನಿಕ್ ಕಂಚಿನ ತಂಡದಲ್ಲಿ ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ, ಇವರೆಲ್ಲ ನಮ್ಮ ಜಿಲ್ಲೆಯವ್ರೇ ಅಂದ್ಮೇಲೆ ಪ್ರತಿ ಶಾಲೆಯ ಪ್ರತಿ ಹುಡುಗನೂ ಮುಂದಿನವನು ನಾನೇ ಅಂದ್ಕೊಂಡಿದ್ದ. ಆಮೇಲೆ ಸೋಮವಾರಪೇಟೆ ಕಡೆಯಿಂದ ಎಸ್.ವಿ. ಸುನಿಲ್ ಹೋದ್ರು, ನಾನು ಬ್ಯಾಂಕಿಗೆ ಹೋದೆ.

ಹತ್ತನೇ ಕ್ಲಾಸಲ್ಲಿದ್ದಾಗ ನಾವು ಫೈನಲ್ಲಿಗೆ ಬಂದ್ವಿ. ಒಂದು ಗೋಲಿಂದ ಮುಂದಿದ್ವಿ, ಇನ್ನು ನಾಲ್ಕೈದು ನಿಮಿಷ ಇತ್ತು. ಬಾಲು ನಮ್ಮ ಡೀ ಒಳಗೆ ನುಗ್ಗಿತು, ಗುಂಪು, ಕೆಸರು, ನಾನು ಅಡ್ಡ ನಿಂತೆ, ಬಾಲು ನಿಂತಿತು, ಎತ್ತಿ ಹೊರಗೆ ಹೊಡೆದೆ. ಅವರ ಸೆಂಟರ್ ಫಾರ್ವರ್ಡ್ ಕೈ ಎತ್ತಿದ. ಅಂಪೈರ್ ಗುಂಪಿನ ಆ ಕಡೆ ಇದ್ರು, ಕಂಡಿಲ್ಲ, ಆಟ ಮುಂದುವರಿಸಿ ಅಂತ ಕೈ ಬೀಸಿದ್ರು. ಆಗ ಸೈಡ್ ಲೈನಿಂದ, ಕೊಡೆ ಕೆಳಗಿಂದ ಒಂದು ಗಂಟಲು ಬಂತು.

"ಫೂಟ್!"

ನಮ್ಮ ಸಾರ್. ನಮ್ಮ ವಿರುದ್ಧ. ಇಡೀ ಗ್ರೌಂಡ್ ಒಂದು ಕ್ಷಣ ಸುಮ್ನಾಯ್ತು, ಅಂಪೈರ್ ತಿರುಗಿ ನೋಡಿದ್ರು, ಸಾರ್ ನನ್ ಎಡಗಾಲು ತೋರಿಸಿದ್ರು. ಪೆನಾಲ್ಟಿ ಕಾರ್ನರ್. ಬಾಲು ನಮ್ಮ ಗೋಲಿನ ಹಿಂದಿನ ಹಲಗೆಗೆ ಬಡಿದ ಠಪ್ ಅನ್ನೋ ಸದ್ದು ಇವತ್ತಿಗೂ ಕೆಲವು ಸಲ ನಿದ್ದೇಲಿ ಕೇಳುತ್ತೆ. ಮ್ಯಾಚ್ ಸಮ ಆಗಿ, ಆಮೇಲೆ ಪೆನಾಲ್ಟಿ ಸ್ಟ್ರೋಕ್ಸಲ್ಲಿ ಸೋತ್ವಿ. ಟೀ ಬಡಿಸೋಕೆ ಎದುರಿನ ಟೀಮಿನವ್ರಿಗೆ ಗೊತ್ತಿರ್ಲಿಲ್ಲ, ಅವರ ಶಾಲೇಲಿ ಆ ಕಾನೂನಿಲ್ಲ, ನಾವೇ ಹಾಕ್ಕೊಂಡು ಕುಡಿದ್ವಿ. ವಾಪಸ್ ಬರುವಾಗ ಬಸ್ಸಲ್ಲಿ ಸಾರ್ ಎಲ್ಲರಿಗೂ ಬಾಳೆಹಣ್ಣು ಕೊಟ್ರು, ಗೋಲಿ ಅದನ್ನ ಕಿಟಕಿಯಿಂದ ಹೊರಗೆ ಎಸೆದ. ಸಾರ್ ನೋಡಿದ್ರು, ಎಂತ ಹೇಳಲಿಲ್ಲ. ಶಾಲೇಲೂ ದೊಡ್ಡವ್ರು ಅವರ ಜೊತೆ ಸುಮಾರು ದಿನ ಮಾತಾಡ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು, ಶೀಲ್ಡ್ ಇಡೋಕೆ ಅಂತ ಗಾಜಿನ ಕಪಾಟು ಮಾಡಿಸಿದ್ರಂತೆ.

1997ರಲ್ಲಿ ಪಾಂಡಂಡ ಕುಟ್ಟಪ್ಪನವ್ರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ನಾನು ಕಾಲೇಜಲ್ಲಿದ್ದೆ, ಸಾರ್ ನೋಡೋಕೆ ಹೋಗೋಣ ಬಾ ಅಂತ ಕರ್ಕೊಂಡು ಹೋದ್ರು. ಆ ಸಲ ಬರೀ 60 ಕುಟುಂಬ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360 ತಂಡ ಬಂದು ಗಿನ್ನೆಸ್ ದಾಖಲೆ ಆಯ್ತು. ಗಂಡಸರು ಹೆಂಗಸರು ಒಂದೇ ಟೀಮಲ್ಲಿ, ಅಜ್ಜಿಗೂ ಮೊಮ್ಮಗನಿಗೂ ಒಂದೇ ಬಣ್ಣದ ಜರ್ಸಿ. ಸಾರ್ ಜೊತೆ ಹೋದ ಆ ಸಲ ಒಂದು ಮ್ಯಾಚಲ್ಲಿ ವಯಸ್ಸಾದ ಹೆಂಗಸೊಬ್ಬರು ಬಾಲ್ ಹಿಡ್ಕೊಂಡು ಬರ್ತಿದ್ರು, ಎದುರಿಗೆ ದಪ್ಪ ತೋಳಿನ ಹುಡುಗ, ಅವನು ಸ್ಟಿಕ್ ನೆಲಕ್ಕೆ ಇಟ್ಕೊಂಡು ಹಿಂದೆ ಹಿಂದೆ ಸರೀತಾ ಹೋದ, ಟ್ಯಾಕಲ್ ಮಾಡಲಿಲ್ಲ, ಬಿಟ್ಟೂ ಕೊಡಲಿಲ್ಲ, ಕೊನೆಗೆ ಮೆತ್ತಗೆ ಬಾಲ್ ಕಿತ್ಕೊಂಡ. ಸಾರ್ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಯಾರಾದ್ರೂ ಗೋಲು ಹೊಡೆದ್ರೆ ಅವರು ಚಪ್ಪಾಳೆ ತಟ್ಟಿದ್ದು ನಾನು ನೋಡೇ ಇಲ್ಲ.

ಈಗಿನ ಕಾಲದ್ದು ಹೇಳಿದ್ರೆ ಮುದುಕ ಆದ ಅಂತೀರ, ಆದ್ರೂ ಹೇಳ್ತೀನಿ. ಈಗ ಟರ್ಫ್ ಇದೆ, ಸಾವಿರಾರು ರೂಪಾಯಿ ಸ್ಟಿಕ್ ಇದೆ, ಮಕ್ಕಳಿಗೆ ಡಯಟ್ ಚಾರ್ಟ್ ಇದೆ, ಆದ್ರೆ ಪಿಟಿ ಪೀರಿಯಡ್ ಗಣಿತದವ್ರು ತಗೊಂಡು ಹೋಗ್ತಾರೆ, ಆಡೋರಿಗೂ ಸ್ಪೋರ್ಟ್ಸ್ ಕೋಟಾದ ಸೀಟಿನ ಮೇಲೆ ಕಣ್ಣು, ಬೇಲಿ ಸುತ್ತ ಮೊಬೈಲ್ ಹಿಡಿದ ಅಪ್ಪಂದಿರು. ಹೋದ ವರ್ಷ ತಂಗಿ ಮಗನ ಅಂಡರ್ 14 ಮ್ಯಾಚಿಗೆ ಹೋಗಿದ್ದೆ. ಅಂಪೈರ್ ಒಬ್ಬಳು ಚಿಕ್ಕ ಹುಡುಗಿ, ಇಪ್ಪತ್ತು ಆಗಿರ್ಬಹುದು. ಡೀ ಒಳಗೆ ಎದುರಿನ ಹುಡುಗನ ಕಾಲಿಗೆ ಬಾಲ್ ತಾಗಿದ್ದು ನಂಗೆ ನೂರು ಪರ್ಸೆಂಟ್ ಕಂಡಿತ್ತು, ಆಕೆ ಕೊಡಲಿಲ್ಲ. ಪಕ್ಕದಲ್ಲಿದ್ದ ಒಬ್ಬರು ವಿಡಿಯೋ ಜೂಮ್ ಮಾಡಿ ತೋರಿಸ್ತಿದ್ರು, ಇನ್ನೊಬ್ಬರು ಆಕೆಯ ಊರು ಯಾವ್ದು ವಿಚಾರಿಸಿ ಅಂತಿದ್ರು, ನಾನು ಬೇಲಿ ಹಿಡ್ಕೊಂಡು ಕೂಗಿದೆ, "ಏಯ್ ಅಂಪೈರ್, ಕಣ್ಣು ಕಾಣಲ್ವಾ?" ಒಂದಲ್ಲ, ಮೂರು ಸಲ. ನಾವು ಕೂಗೋದು ಕೇಳಿ ಹುಡುಗರಿಗೆ ಧೈರ್ಯ ಬಂತು, ತಂಗಿ ಮಗ ಕ್ಯಾಪ್ಟನ್, ಹೋಗಿ ಆಕೆ ಹತ್ರ ವಾದ ಮಾಡಿದ, ಗ್ರೀನ್ ಕಾರ್ಡ್ ತೋರಿಸಿದ್ಳು, ಎರಡು ನಿಮಿಷ ಹೊರಗೆ. ಬೇಲಿ ಹತ್ರ ನನ್ ಮುಂದೇನೇ ಬಂದು ಕೂತ, ಬೆನ್ನು ಮಾಡಿ. ಕಾರಲ್ಲಿ ಮನೆ ತನಕ ಮಾತಿಲ್ಲ. ಇಳಿಯುವಾಗ, "ಮಾಮ, ಸೆಮಿಫೈನಲ್ಲಿಗೆ ನೀವು ಬರೋದು ಬೇಡ" ಅಂದ.

ಸಾರ್ ಮನೇಲಿ ಆವತ್ತು ಟೀಮಿನ ಏಳು ಜನ ಸೇರಿದ್ವಿ. ಗೋಲಿ ದುಬೈಯಿಂದ ವಿಡಿಯೋ ಕಾಲಲ್ಲಿ ಬಂದ. ಎಲ್ಲ ಮುಗಿಸಿ ಜಗುಲಿಯ ಬೆಂಚಲ್ಲಿ ಕೂತಾಗ ಮತ್ತೆ ಅದೇ ಮಾತು ಶುರುವಾಯ್ತು, ಸಾವಿನ ಮನೆ ಅನ್ನೋದೂ ಇಲ್ದೆ. ಸಾರ್ ಅಷ್ಟು ದೂರದಲ್ಲಿದ್ರು, ಅವರಿಗೆ ಹೆಂಗೆ ಕಂಡೀತು, ಬಾಲು ತಾಗಿದ್ದು ಸ್ಟಿಕ್ಕಿಗೆ ಅಂತ ಇವನು ಮೂವತ್ತು ವರ್ಷದಿಂದ ಹೇಳ್ತಿದ್ದಾನಲ್ಲ, ಹಾಗಾದ್ರೆ ಶೀಲ್ಡ್ ನಮ್ದೇ ಅಂತ ಗೋಲಿ ದುಬೈಯಿಂದ ಕೂಗ್ತಿದ್ದ. ಎಲ್ಲರೂ ನನ್ ಮುಖ ನೋಡಿದ್ರು. ನಾನು ಹೌದೌದು ಅಂದೆ, ಅಲ್ಲೂ.

ಈ ಸಂಚಿಕೆ ಗ್ರೂಪಿಗೂ ಬರುತ್ತೆ, ಓದ್ಲಿ ಬಿಡಿ. ಆ ಫೈನಲ್ ಆಗಿ ಮೂರನೇ ದಿನಕ್ಕೆ ನನ್ ಎಡಗಾಲ ಹೆಬ್ಬೆರಳ ಉಗುರು ಪೂರ್ತಿ ಕಪ್ಪಾಗಿತ್ತು, ಶೂ ಹಾಕೋಕಾಗದೆ ಅಪ್ಪನ ಹವಾಯಿ ಚಪ್ಪಲಿ ಹಾಕ್ಕೊಂಡು ಶಾಲೆಗೆ ಹೋದೆ. ಸ್ಪೋರ್ಟ್ಸ್ ರೂಮಿನ ಬಾಗಿಲಲ್ಲಿ ಸಾರ್ ಕೂತು ಸ್ಟಿಕ್ಕಿಗೆ ಟೇಪ್ ಸುತ್ತುತಿದ್ರು. ನಾನು ಕಾಲು ಹಿಂದೆ ಇಟ್ಕೊಂಡು ದಾಟೋಕೆ ನೋಡಿದೆ. ಸಾರ್ ಟೇಪ್ ಸುತ್ತೋದು ನಿಲ್ಲಿಸಿ ನನ್ ಕಾಲನ್ನೇ ಒಂದು ಗಳಿಗೆ ನೋಡಿದ್ರು.

"ರಾತ್ರಿ ಅರಿಶಿನ ಹಚ್ಚಿ ಮಲಗು ಕುಂಞಿ, ಉಗುರು ಬೀಳ್ತದೆ, ಹೆದರ್ಬೇಡ" ಅಂದ್ರು, ಮತ್ತೆ ಟೇಪ್ ಸುತ್ತೋಕೆ ಶುರು ಮಾಡಿದ್ರು.